ದಶಮಿಯ ದಿನ ಕಂಡ ಕೊಂಡಕುರಿ

ನಿಮ್ಮನ್ನು ಯಾರಾದರೂ ನಸುಕಿನಲ್ಲಿ ಎಬ್ಬಿಸಿ, ಖಾಲಿ ಹೊಟ್ಟೆಯಲ್ಲಿ ನಿಮ್ಮದೇ ಜಿಲ್ಲೆಯ ಕಾಡಿಗೆ ಎಳೆದುಕೊಂಡು ಹೋಗಿ, ಒಂದು ಹಿಕ್ಕೆ ಗುಡ್ಡೆಯ ಮುಂದೆ ಅರ್ಧ ದಿನ ಕೂರಿಸಿದ್ದಾರಾ? ಮಾತಾಡಬೇಡ, ಕೆಮ್ಮಬೇಡ, ಸೊಳ್ಳೆ ಕಚ್ಚಿದರೂ ಹೊಡೆಯಬೇಡ ಅಂತ ಗದರಿಸಿದ್ದಾರಾ? ಇಲ್ಲ ಅಂದರೆ ನಿಮಗೆ ನಮ್ಮ ಅಕ್ಕೋರಂಥವರು ಸಿಕ್ಕಿಲ್ಲ. ಪಾಪ ಅನ್ನಿಸುತ್ತದೆ ನಿಮ್ಮ ಬಗ್ಗೆ.

ನಮ್ಮ ಕಡೆ ಹೆಣ್ಣು ಮಾಸ್ತರರಿಗೆ ಅಕ್ಕೋರು ಅನ್ನುತ್ತೇವೆ. ಇವರು ಸೇಡಂನಲ್ಲಿ ಹಿಂದಿ ಕಲಿಸಿ ನಿವೃತ್ತರಾದವರು. ಕಳೆದ ತಿಂಗಳು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಬರೆದರೆ ಅವರ ತಮ್ಮ ಬೈಯುತ್ತಾರೆ, ಅಕ್ಕೋರಿದ್ದಿದ್ದರೆ ಇನ್ನೂ ಜೋರಾಗಿ ಬೈಯುತ್ತಿದ್ದರು. ದೀಪ ಹಚ್ಚಿದ ಫೋಟೊ ಹಾಕಿ ಕೈ ಮುಗಿಯುವ ಚಿತ್ರ ಅಂಟಿಸುವುದೂ ನನ್ನಿಂದ ಆಗುವುದಿಲ್ಲ. ಅವರ ಬಗ್ಗೆ ಅಳುತ್ತಾ ಬರೆಯುವುದಂತೂ ಸಾಧ್ಯವೇ ಇಲ್ಲ, ನೆನೆಸಿಕೊಂಡರೆ ಮೊದಲು ನಗು ಬರುತ್ತದೆ.

ನಾನು ನರ್ಸು. ತವರು ಶಹಾಬಾದ್ ಹತ್ತಿರದ ಭಂಕೂರ. ನಮ್ಮಪ್ಪ ಕಲ್ಲಿನ ಗಣಿಯಲ್ಲಿ ದುಡಿದವನು. ನಾನು ಬೆಳೆದದ್ದು ಬೂದು ಬಣ್ಣದಲ್ಲಿ. ನೆಲ ಬೂದು, ಮನೆ ಗೋಡೆ ಬೂದು, ವಾಡಿ ಕಡೆ ಹೋದರೆ ಸಿಮೆಂಟ್ ಧೂಳು ಕುಂತು ಬೇವಿನ ಮರವೂ ಬೂದು. ಸೇಡಂ ಆಸ್ಪತ್ರೆಗೆ ವರ್ಗವಾಗಿ ಬಂದು ಅಕ್ಕೋರ ಪಕ್ಕದ ಮನೆ ಬಾಡಿಗೆ ಹಿಡಿದಾಗ, ಕಾಡು ಅಂದರೆ ನನಗೆ ಟಿವಿಯಲ್ಲಿ ಬರುವ ಸಂಗತಿ.

ಅಕ್ಕೋರದು ವೈಷ್ಣವರ ಮನೆ. ಅವರ ತಮ್ಮ ಊರ ಗುಡಿಯಲ್ಲಿ ಪೂಜೆ ಮಾಡುವವರು. ಮನೆಯಲ್ಲಿ ಮಡಿ, ತುಳಸಿ, ಪಂಚಾಂಗ ಎಲ್ಲ ಇತ್ತು. ಅದರ ನಡುವೆ ಈ ಹೆಣ್ಣುಮಗಳು ಇಳಕಲ್ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು, ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಓಣಿಯಲ್ಲಿ ಹೊರಟರೆ ನಾಯಿಗಳು ಕೂಡ ದಾರಿ ಬಿಡುತ್ತಿದ್ದವು. ನಾನು ಬಂದ ಮೊದಲ ವಾರವೇ ಕಾಂಪೌಂಡ್ ಗೋಡೆ ಮೇಲಿಂದ ಮುಖ ತೋರಿಸಿದರು.

"ನರ್ಸಬಾಯಿ, ನಾಡದ್ದು ಡ್ಯೂಟಿ ಅದ ಏನ್ರಿ?"

"ಇಲ್ಲರಿ. ಯಾಕ್ರಿ?"

"ಏಕಾದಶಿ ಅದ. ಕಾಡಿಗಿ ಹೋಗೋಣ ಬರ್ರಿ."

ಏಕಾದಶಿಗೂ ಕಾಡಿಗೂ ಏನು ಸಂಬಂಧ? ನಮ್ಮದು ಬೌದ್ಧರ ಮನೆ. ನಮಗೆ ಹುಣ್ಣಿಮೆ ಗೊತ್ತು, ಏಕಾದಶಿ ಗೊತ್ತಿಲ್ಲ. ಕೇಳಿದೆ. ಅವರು ಹೇಳಿದ್ದು ಇಷ್ಟೇ: "ಅವತ್ತ ಒಲಿ ಹಚ್ಚಂಗಿಲ್ಲ. ಅಡಗಿ ಇಲ್ಲ, ಭಾಂಡಿ ತಿಕ್ಕೋದಿಲ್ಲ. ಹೆಣ್ಣಮಕ್ಕಳಿಗಿ ದೇವರು ತಿಂಗಳಿಗಿ ಎರಡು ದಿನ ಸೂಟಿ ಕೊಟ್ಟಾನ. ಆ ದಿನಾನೂ ಮನ್ಯಾಗ ಕುಂತರ ಅವನಿಗಿ ಸಿಟ್ಟು ಬರ್ತದ."

ಹೀಗೆ ಅವರು ಎಷ್ಟೋ ವರ್ಷದಿಂದ ಏಕಾದಶಿಗೊಮ್ಮೆ ಚಿಂಚೋಳಿ ಕಾಡಿಗೆ ಹೋಗುತ್ತಿದ್ದರು. ಜೊತೆಗೆ ಹೋಗುವವರಿಗೂ ಒಂದೇ ಶರತ್ತು, ಉಪವಾಸ. ನೀರು ಮಾತ್ರ ಒಯ್ಯಬಹುದು.

ಮೊದಲ ಸಲ ಹೋದಾಗ ಹಸಿವಿಗೆ ನನ್ನ ತಲೆ ಗಿಮ್ಮೆನ್ನುತ್ತಿತ್ತು. ಜೀಪಿನಲ್ಲಿ ಸೇಡಂ ಬಿಟ್ಟರೆ ಎರಡೂ ಕಡೆ ತೊಗರಿ, ತೊಗರಿ, ಮತ್ತೆ ತೊಗರಿ. ಇವರು ನನಗೆ ಮೋಸ ಮಾಡಿದರು ಅಂದುಕೊಂಡೆ. ಚಿಂಚೋಳಿ ದಾಟಿ ಒಂದಷ್ಟು ದೂರ ಹೋದ ಮೇಲೆ ಕರಿ ಮಣ್ಣು ಕೆಂಪಾಯಿತು. ಒಮ್ಮೆಲೇ ಗುಡ್ಡಗಳು. ಗುಡ್ಡದ ತುಂಬ ತೇಗ, ಬಿದಿರು. ಜೀಪು ಒಂದು ತಿರುವು ತಿರುಗಿತು ನೋಡಿ, ಕೆಳಗೆ ಚಂದ್ರಂಪಳ್ಳಿ ಜಲಾಶಯದ ನೀರು. ನಾಲ್ಕೂ ಕಡೆ ಹಸಿರು ಗುಡ್ಡ, ನಡುವೆ ನೀಲಿ ನೀರು, ನೀರಿನ ಮೇಲೆ ಮಂಜು. ನಾನು ಜೀಪಿನಲ್ಲಿ ಎದ್ದು ನಿಂತುಬಿಟ್ಟೆ. ನಿಂತದ್ದೇ ತಲೆ ಮೇಲಿನ ಕಬ್ಬಿಣಕ್ಕೆ ಬಡಿಯಿತು.

"ಅಕ್ಕೋರ, ಇದು ನಮ್ಮ ಜಿಲ್ಲಾನೇ ಏನ್ರಿ?"

"ಅಲ್ಲ, ಸ್ವಿಜರ್ಲೆಂಡ್. ಕುಂದರ್ರಿ ಕೆಳಗ, ಬೀಳ್ತೀರಿ."

ಈಗಲೂ ನಮ್ಮ ಕಡೆಯ ಜನ ರಜೆ ಸಿಕ್ಕರೆ ರೈಲು ಹತ್ತಿ ದೂರದ ಕಾಡಿಗೆ ಹೋಗಿ, ಆನೆಯ ಬೆನ್ನಿನ ಫೋಟೊ ಹಾಕಿ, "ನಮ್ಮ ಕಡೆ ಏನದ, ಬರೀ ಕಲ್ಲು, ಬಿಸಿಲು" ಅಂತ ಬರೆಯುತ್ತಾರೆ. ಆ ಪೋಸ್ಟಿನ ಕೆಳಗೆ ನಾನು ಜಗಳ ತೆಗೆಯುವುದು ಸುಮ್ಮನೆ ಅಲ್ಲ.

ಹಾಗಂತ ಅಕ್ಕೋರಿಗೆ ಕಾಡಿನ ಬಗ್ಗೆ ಎಲ್ಲ ಗೊತ್ತಿತ್ತು ಅಂದುಕೊಳ್ಳಬೇಡಿ. ಅವರು ಹೇಳುತ್ತಿದ್ದುದರಲ್ಲಿ ಅರ್ಧ ತಪ್ಪು. ಗಿಡುಗನಿಗೆ ಹದ್ದು ಅನ್ನುವರು. ಹೆಸರು ಗೊತ್ತಿಲ್ಲದ ಹಕ್ಕಿಗೆ ತಾವು ಕಲಿಸಿದ ಮಕ್ಕಳ ಹೆಸರಿಡುವರು. ಯಾವಾಗಲೂ ಗದ್ದಲ ಮಾಡುವ ಒಂದು ಕಂದು ಹಕ್ಕಿಗುಂಪಿಗೆ ಅವರಿಟ್ಟ ಹೆಸರು "ಎಂಟನೇ ಇಯತ್ತೆ ಬಿ ಸೆಕ್ಷನ್". ಒಂದು ಸಲ ಕುಂಚಾವರಂ ದಾರಿಯಲ್ಲಿ ಜೀಪು ನಿಲ್ಲಿಸಿ, ತೋಳ, ತೋಳ, ಉಸಿರು ಹಿಡೀರಿ ಅಂದರು. ನಾವು ಹಿಡಿದೆವು. ತೋಳ ಹತ್ತಿರ ಬಂತು, ಬಾಲ ಅಲ್ಲಾಡಿಸಿತು, ಟೈರಿಗೆ ಕಾಲೆತ್ತಿತು. ತಾಂಡಾದ ನಾಯಿ. ನಾವು ನಗುವುದು ನಿಲ್ಲಿಸುವವರೆಗೆ ಕಾದು ಅಕ್ಕೋರು ಹೇಳಿದರು: "ಇದು ನಾಯಿ, ಒಪ್ಪಿದೆ. ಇದರ ಮುತ್ತಜ್ಜ ತೋಳ ಇದ್ದ. ನಾ ಅವನ್ನ ನೋಡಿದೆ."

ಜೀಪು ಓಡಿಸುತ್ತಿದ್ದವರು ಚಿತ್ತಾಪುರದ ಒಬ್ಬರು. ನಾವು ಭಾಯಿ ಅನ್ನುತ್ತಿದ್ದೆವು. ಭಾಯಿಗೆ ಉಪವಾಸದ ಶರತ್ತು ಕಷ್ಟ. "ಅಕ್ಕೋರ, ನಮ್ಮ ರೋಜಾದಾಗ ಸಂಜಿಗಾದರೂ ಸಮೋಸಾ ಬರ್ತದ. ನಿಮ್ಮ ದೇವರು ಭಾಳ ಸ್ಟ್ರಿಕ್ಟ್ ಅದಾನ್ರಿ" ಅನ್ನುವರು. ಒಮ್ಮೆ ಅವರು ಸೀಟಿನ ಕೆಳಗೆ ಬಾಳೆಹಣ್ಣಿನ ಗೊನೆ ಬಚ್ಚಿಟ್ಟುಕೊಂಡು ಬಂದರು. ಕೆರೆ ದಂಡೆಯಲ್ಲಿ ಜೀಪು ನಿಲ್ಲಿಸಿ ನಾವು ಬಾತುಕೋಳಿ ನೋಡುತ್ತ ನಿಂತಿದ್ದೆವು. ತಿರುಗಿ ನೋಡಿದರೆ ಜೀಪಿನ ತುಂಬ ಮುಸುವಗಳು. ಕರಿ ಮುಖದ ದೊಡ್ಡ ಗಡವ ಸ್ಟೇರಿಂಗ್ ಹಿಂದೆ ಕುಂತು ಹಣ್ಣು ಸುಲಿಯುತ್ತಿತ್ತು. ಭಾಯಿ ಹೋಯ್ ಅಂದರೆ ಅದು ಹಾರನ್ ಮೇಲೆ ಕಾಲಿಟ್ಟಿತು. ಆ ಸದ್ದಿಗೆ ಅರ್ಧ ಕಾಡು ಖಾಲಿ.

"ಈಗ ತಿಳೀತಾ ನಾ ಯಾಕ ಉಪಾಸ ಅಂತೀನಿ ಅಂತ?" ಅಂದರು ಅಕ್ಕೋರು. "ತಿನ್ನೋದು ಒಯ್ದರ ನಾವು ಅದರ ಕಡೆ ನೋಡ್ತೀವಿ, ಅವು ನಮ್ಮ ಕಡೆ ನೋಡ್ತಾವ. ಕಾಡು ನೋಡೋರು ಯಾರು?"

ಅಕ್ಕೋರಿಗೆ ಒಂದೇ ಒಂದು ಹುಚ್ಚು ಉಳಿದಿತ್ತು. ಕೊಂಡಕುರಿ. ಹೆಸರಿಗೆ ಕುರಿ, ನೋಡಲು ಜಿಂಕೆಯಂತೆ, ಮೇಕೆಯಷ್ಟು ಎತ್ತರ, ಗಂಡಿಗೆ ನಾಲ್ಕು ಕೋಡು. ನಾಲ್ಕು ಕೋಡಿನ ಕಾಡುಪ್ರಾಣಿ ಲೋಕದಲ್ಲಿ ಬೇರೆ ಇಲ್ಲವಂತೆ. ಅದು ನಮ್ಮ ಚಿಂಚೋಳಿಯಲ್ಲಿದೆ ಅನ್ನುವುದೇ ಅವರಿಗೆ ದೊಡ್ಡ ಜಂಬ. ಆದರೆ ಅದು ಭಾಳ ನಾಚಿಕೆಯ ಪ್ರಾಣಿ. ತೋಳದ ಬಾಲ ಕಂಡಿದ್ದರು, ಕತ್ತೆಕಿರುಬದ ಬೆನ್ನು ಕಂಡಿದ್ದರು, ಕೊಂಡಕುರಿ ಮಾತ್ರ ಒಮ್ಮೆಯೂ ಕಂಡಿರಲಿಲ್ಲ. ಕಂಡದ್ದು ಅದರ ಹಿಕ್ಕೆ ಮಾತ್ರ. ಅದಕ್ಕೊಂದು ಅಭ್ಯಾಸ, ದಿನಾ ಬಂದು ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತದೆ. ಹಾಗಾಗಿ ಅಂಥ ಗುಡ್ಡೆ ಹುಡುಕಿ ಅದರ ಮುಂದೆ ಕೂರುವುದು ಅಕ್ಕೋರ ಉಪಾಯ.

"ಮಡಿ ಹೆಂಗಸು, ಪಾಯಖಾನಿ ಮುಂದ ಪಾಳಿ ಹಚ್ಚೀರಲ್ರಿ" ಅಂತ ನಾನು ಕಾಡಿಸುತ್ತಿದ್ದೆ.

"ಸಂಭಾವಿತ ಪ್ರಾಣಿ ಅದು ನರ್ಸಬಾಯಿ. ನಿಮ್ಮ ವಾಡಿ ಮಂದಿ ಹಂಗ ಕಂಡ ಕಂಡಲ್ಲಿ ಹಳಿ ಮ್ಯಾಲ ಕೂಡಂಗಿಲ್ಲ."

ನಮ್ಮೊಂದಿಗೆ ಒಳಗೆ ಬರುತ್ತಿದ್ದ ಅರಣ್ಯದ ವಾಚರ್ ಅಕ್ಕೋರ ಹಳೆಯ ಶಿಷ್ಯ. ಕುಂಚಾವರಂ ಕಡೆಯವನು, ಮನೆಮಾತು ತೆಲುಗು, ಹಿಂದಿಯಲ್ಲಿ ಫೇಲಾದವನು. ಅವನು ಎದುರು ಬಂದ ಕೂಡಲೇ ಅಕ್ಕೋರದು ಶುರು: "ಕಾಡಿಗಿ ಹಿಂದಿಯೊಳಗ ಏನಂತಾರೋ?"

"ಜಂಗಲ್, ಟೀಚರ್."

"ಇಷ್ಟು ಪೇಪರಿನ್ಯಾಗ ಬರದಿದ್ದರ ಪಾಸಾಗತಿದ್ದಿ."

ಅವನಿಗೂ ಮಕ್ಕಳು ಮರಿ ಇದ್ದಾರೆ, ತಲೆ ನರೆತಿದೆ. ಆದರೂ ಕೈ ಕಟ್ಟಿಕೊಂಡೇ ಉತ್ತರ ಕೊಡುವನು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಅಕ್ಕೋರ ಕಣ್ಣಿನ ವಿಶೇಷ ಏನು ಅಂದರೆ, ಪಕ್ಕದಲ್ಲಿ ಎಲೆ ಅಲ್ಲಾಡಿದರೂ ಮೊದಲು ಅವರಿಗೆ ಕಾಣುತ್ತಿತ್ತು. ಕಂಡದ್ದಕ್ಕೆ ತಪ್ಪು ಹೆಸರಿಡುತ್ತಿದ್ದರು, ಅದು ಬೇರೆ. ಒಂದು ಏಕಾದಶಿ, ಅವರ ಎಡಗಡೆ ಒಂದು ಮುಸುವ ಮರದಿಂದ ಮರಕ್ಕೆ ಹಾರಿತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅಕ್ಕೋರು ತಿರುಗಲಿಲ್ಲ. ನರ್ಸು ನಾನು, ನನಗೆ ಅಲ್ಲೇ ಅನುಮಾನ ಬಂತು. ಅವರ ಎಡಗಿವಿಯ ಪಕ್ಕ ಬೆರಳು ಅಲ್ಲಾಡಿಸಿದೆ.

"ಎಷ್ಟು ಬೆರಳು ಅಕ್ಕೋರ?"

"ಎಲ್ಲಿ ಬೆರಳು?"

ಕಲಬುರಗಿಗೆ ಕರೆದುಕೊಂಡು ಹೋದೆ. ಡಾಕ್ಟರು ಪರೀಕ್ಷೆ ಮಾಡಿ ಗ್ಲಾಕೋಮಾ ಅಂದರು. ಕಣ್ಣಿನೊಳಗೆ ಒತ್ತಡ ಹೆಚ್ಚಿ ದೃಷ್ಟಿ ಅಂಚಿನಿಂದ ಒಳಗೆ ಮುಚ್ಚುತ್ತ ಬರುತ್ತದೆ. ಕೊನೆಗೆ ಕೊಳವೆಯೊಳಗಿಂದ ನೋಡಿದಂತೆ ನಡುವೆ ಒಂದಿಷ್ಟು ಉಳಿಯುತ್ತದೆ, ಆಮೇಲೆ ಅದೂ ಇಲ್ಲ. ಹೋದದ್ದು ಮರಳಿ ಬರುವುದಿಲ್ಲ, ಆಪರೇಷನ್ ಮಾಡಿದರೆ ಉಳಿದದ್ದು ಉಳಿಯಬಹುದು, ಖಾತ್ರಿ ಕೊಡಲಾಗುವುದಿಲ್ಲ ಅಂದರು. ಬರುವ ವಾರವೇ ಮಾಡೋಣ ಅಂತ ನಿಕ್ಕಿಯಾಯಿತು.

ವಾಪಸು ಬಸ್ಸಿನಲ್ಲಿ ಸೇಡಂಗೆ ಬಂದೆವು. ಇಳಿಯುವಾಗ ಅಕ್ಕೋರು ಹೇಳಿದರು: "ಆಪರೇಷನ್ ಆದ ಮ್ಯಾಲ ಏನು ಉಳೀತದೋ ಯಾರಿಗಿ ಗೊತ್ತು. ಮೊದಲ ಒಂದ ಸಲ ಕೊಂಡಕುರಿ ನೋಡಬೇಕು ನರ್ಸಬಾಯಿ. ಏಕಾದಶಿ ಯಾವತ್ತ ಬರ್ತದ ನೋಡಿ ಎಲ್ಲಾ ನೀವ ಹೊಂದಿಸ್ರಿ. ನನಗ ಈಗ ಸಣ್ಣ ಅಕ್ಷರ ಕಾಣವಲ್ದು."

ನಾನು ಉಮೇದಿಯಿಂದ ಹೊಂದಿಸಿದೆ. ಆಸ್ಪತ್ರೆಯ ಗೋಡೆಗೆ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಇತ್ತು, ಅದರಲ್ಲಿ ಏಕಾದಶಿ ನೋಡಿದೆ. ಭಾಯಿಗೆ ಹೇಳಿದೆ, ವಾಚರ್‌ಗೆ ಹೇಳಿ ಒಳಗೆ ಹೋಗಲು ಪರವಾನಗಿ ಮಾಡಿಸಿದೆ. ಅದೇ ಕೊನೆಯ ದಿನ. ಬೇಸಿಗೆ ಬೆಂಕಿಯ ಭಯಕ್ಕೆ ಮರುದಿನದಿಂದ ಮಳೆ ಬೀಳುವವರೆಗೆ ಒಳಗೆ ಯಾರನ್ನೂ ಬಿಡುವುದಿಲ್ಲ ಅಂದಿದ್ದರು. ಏಕಾದಶಿ ಸರಿಯಾಗಿ ಅವತ್ತೇ ಬಿದ್ದಿದೆ ಅಂತ ನನಗೆ ಭಾಳ ಖುಷಿ. ಏಕಾದಶಿ ಯಾವತ್ತು ಅಂತ ಅಕ್ಕೋರಿಗೆ ಗೊತ್ತೇ ಇರುತ್ತದೆ ಅಂದುಕೊಂಡು ಅವರಿಗೆ ಮಾತ್ರ ತಾರೀಖು ಹೇಳಲಿಲ್ಲ.

ನಸುಕಿನಲ್ಲಿ ಜೀಪು ಬಂದು ನಿಂತಿತು. ಅಕ್ಕೋರ ಮನೆ ಬಾಗಿಲು ತೆಗೆದಿತ್ತು. ಒಳಗೆ ಕುಕ್ಕರ್ ಸೀಟಿ ಹೊಡೆಯಿತು.

ಏಕಾದಶಿ ದಿನ ಕುಕ್ಕರ್?

"ಅಕ್ಕೋರ, ಇದೇನ್ರಿ ಅಡಗಿ ಮಾಡ್ಲಿಕತ್ತೀರಿ?"

"ದಶಮಿಗಿ ಅಡಗಿ ಮಾಡದ ಏನು ಮಾಡ್ತಾರ? ನೀವೇನು ಇಷ್ಟು ಲಗೂ ಎದ್ದೀರಿ?"

"ಇವತ್ತ ಏಕಾದಶಿ ಅಲ್ಲೇನ್ರಿ? ಕ್ಯಾಲೆಂಡರಿನ್ಯಾಗ ಅದ."

"ಅದು ಉಳಿದವರ ಏಕಾದಶಿ. ಇವತ್ತ ಬೆಳಗಾಗೋ ಮುಂದ ದಶಮಿ ತಾಕ್ಯದ, ತಾಕಿದರ ನಮಗ ಆ ದಿನ ದಶಮಿನ. ನಮ್ಮ ಮಠದ ಪಂಚಾಂಗದಾಗ ಏಕಾದಶಿ ನಾಳೆ."

ಒಂದೇ ತಿಂಗಳಲ್ಲಿ, ಒಂದೇ ಪಕ್ಷದಲ್ಲಿ, ಒಂದೇ ಊರಲ್ಲಿ ಎರಡೆರಡು ಏಕಾದಶಿ ಇರುತ್ತವೆ ಅಂತ ನನಗೆ ಯಾರು ಹೇಳಿದ್ದರು? ನಾನು ಹಣೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕುಂತೆ. ಭಾಯಿ ಜೀಪಿನಿಂದಲೇ ನಕ್ಕರು. "ಬಿಡ್ರಿ ಸಿಸ್ಟರ್, ನಮ್ಮಲ್ಲೂ ಹಿಂಗ ಆಗ್ತದ. ಒಬ್ಬರಿಗಿ ಚಾಂದ್ ಇವತ್ತ ಕಾಣ್ತದ, ಒಬ್ಬರಿಗಿ ನಾಳೆ. ಶೀರ್‌ಖುರ್ಮಾ ಮಾತ್ರ ಎರಡೂ ದಿನ ತಿಂತೀವಿ."

ಅಕ್ಕೋರು ನಗಲಿಲ್ಲ. ನಾಳೆ ಕಾಡು ಬಂದ್. ಇವತ್ತು ಹೋದರೆ ಮಧ್ಯಾಹ್ನದ ಊಟ ತಪ್ಪುತ್ತದೆ. ದಶಮಿಗೆ ಅವರದು ಒಂದೇ ಹೊತ್ತು ಊಟ, ಅದೂ ತಪ್ಪಿದರೆ ನಾಳೆ ಏಕಾದಶಿ, ಮತ್ತೆ ಉಪವಾಸ. ಅಂದರೆ ದ್ವಾದಶಿ ಬೆಳಿಗ್ಗೆವರೆಗೆ ಹೊಟ್ಟೆಗೆ ಏನೂ ಇಲ್ಲ. ಅವರಿಗೆ ಬಿ.ಪಿ. ಇತ್ತು, ಮುಂದೆ ಆಪರೇಷನ್ ಇತ್ತು.

"ಎರಡು ದಿನ ಉಪಾಸ ಮಾಡ್ತೀನಿ. ನಡೀರಿ."

"ಉಣ್ಣದ ಹೋದರ ನಾ ಜೀಪು ಹತ್ತಂಗಿಲ್ಲ. ನಿಮ್ಮನ್ನೂ ಹತ್ತಗೊಡಂಗಿಲ್ಲ."

"ಅನ್ನ ಇನ್ನಾ ಬೆಂದಿಲ್ಲ."

"ಬೇಯೋತನಕ ಕಾಯೋಣ."

"ಕಾದರ ಬಿಸಿಲು ಬೀಳ್ತದ. ಅಷ್ಟರಾಗ ಕೊಂಡಕುರಿ ಬಂದು ಹೋಗ್ತದ."

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತೆವು. ನಾನು ಸೋಲಲಿಲ್ಲ. ಅವರೂ ಸೋಲಲಿಲ್ಲ. ಅಕ್ಕೋರು ಗ್ಯಾಸ್ ಆರಿಸಿದರು. ಕುಕ್ಕರನ್ನು ಬಿಸಿಬಿಸಿಯಾಗಿ ದಪ್ಪ ಕೌದಿಯಲ್ಲಿ ಸುತ್ತಿದರು. ಮೊಸರಿನ ಡಬ್ಬಿ, ಉಪ್ಪು, ಒಂದು ಸೌಟು ತಗೊಂಡರು. ಕುಕ್ಕರನ್ನು ಕೂಸಿನ ಹಾಗೆ ತೊಡೆ ಮೇಲೆ ಇಟ್ಟುಕೊಂಡು ಜೀಪಿನಲ್ಲಿ ಕುಂತರು.

"ಒಳಗ ಉಗಿ ಅದ. ಚಿಂಚೋಳಿ ಮುಟ್ಟೋದ್ರಾಗ ಬೇಯ್ತದ. ಭಾಯಿ, ಹಗೂರಕ ಓಡಿಸ್ರಿ, ಅನ್ನ ಅದ."

ಖರೆ ಹೇಳುತ್ತೇನೆ, ಬೆಂದಿತ್ತು. ಕಾಡಿನ ಗೇಟಿನ ಹೊರಗೆ ಹುಣಸೆ ಮರದ ಕೆಳಗೆ ಕೌದಿ ಬಿಚ್ಚಿದರು. ಮೊಸರನ್ನ ಕಲಸಿ ಮುತ್ತುಗದ ಎಲೆ ಮೇಲೆ ಎಲ್ಲರಿಗೂ ಬಡಿಸಿದರು, ಮೊದಲು ನನಗೆ. ಹೊತ್ತು ಇನ್ನೂ ಸರಿಯಾಗಿ ಏರಿರಲಿಲ್ಲ.

"ಇಷ್ಟು ಮುಂಜಾನಿ ದಶಮಿ ಊಟ ಆಗ್ತದ ಏನ್ರಿ ಟೀಚರ್?" ಅಂದ ವಾಚರ್, ಬಾಯಿ ತುಂಬ ಅನ್ನ ಇಟ್ಟುಕೊಂಡು.

"ಒಂದ ಹೊತ್ತು ಅಂತ ಹೇಳ್ಯಾರ. ಎಷ್ಟು ಗಂಟೇಕ ಅಂತ ಹೇಳಿಲ್ಲ. ಉಣ್ಣೋ ಸುಮ್ನ."

ಕೈ ತೊಳೆದು, ಕುಕ್ಕರ್ ಗೇಟಿನಲ್ಲೇ ಬಿಟ್ಟು ಒಳಗೆ ನಡೆದೆವು.

ಆ ಹೊತ್ತಿನಲ್ಲಿ ಚಿಂಚೋಳಿ ಕಾಡು ಹೇಗಿರುತ್ತದೆ ಗೊತ್ತಾ? ತೇಗದ ಎಲೆ ಉದುರಿ ನೆಲದ ತುಂಬ ಹಪ್ಪಳ ಹಾಸಿದ ಹಾಗೆ. ಕಾಲಿಟ್ಟರೆ ಚರಪರ. ಬೋಳು ಗುಡ್ಡದ ನಡುನಡುವೆ ಮುತ್ತುಗದ ಹೂವು, ಯಾರೋ ಕೆಂಡ ಎರಚಿ ಹೋದಂತೆ. ದೂರದಲ್ಲಿ ನವಿಲು ಕೂಗುತ್ತಿತ್ತು. ಹಿಕ್ಕೆ ಗುಡ್ಡೆಯ ಎದುರು, ಪೊದೆಯ ಮರೆಯಲ್ಲಿ ಕುಂತೆವು. ಹೊಸ ಹಿಕ್ಕೆ ಬಿದ್ದಿತ್ತು. ನಾನು ಅಕ್ಕೋರ ಬಲಗಡೆ ಕುಂತು ಅವರ ಮಣಿಕಟ್ಟು ಹಿಡಿದಿದ್ದೆ, ನಾಡಿ ನೋಡುವುದಕ್ಕೆ. ವಾಚರ್ ಹಿಂದೆ. ಭಾಯಿ ಇನ್ನೂ ಹಿಂದೆ, ನಿದ್ದೆ.

ಬಿಸಿಲು ಏರಿತು. ಎಲೆ ಚರಪರ ಅಂದಾಗಲೆಲ್ಲ ಕಣ್ಣು ಹೊರಳಿಸಿ ನೋಡಿದರೆ ಓತಿಕ್ಯಾತ. ಇನ್ನು ಇಲ್ಲ ಅಂದುಕೊಂಡೆ.

ಆಗ ಕಂಡಿತು. ಗುಡ್ಡೆಯ ಹತ್ತಿರ ಅಲ್ಲ. ಅಕ್ಕೋರ ಎಡಗಡೆ. ನನ್ನ ಕಣ್ಣಿಗೆ ಮೊದಲು ಅಕ್ಕೋರ ಮುಖ, ಆ ಮುಖದ ಆಚೆ ಅದು. ಕಂದು ಮೈ, ದೊಡ್ಡ ಕಿವಿ, ಕಡ್ಡಿಯಂಥ ಕಾಲು. ಒಂದು ಕಾಲು ಎತ್ತಿ ನಿಂತಿತ್ತು. ಅಕ್ಕೋರು ಎದುರಿನ ಗುಡ್ಡೆಯನ್ನೇ ನೋಡುತ್ತಿದ್ದರು. ಅವರ ಕಣ್ಣಿಗೆ ಎಡಗಡೆ ಏನೂ ಇಲ್ಲ, ಗೋಡೆ.

ಅದು ಗುಡ್ಡೆಗೆ ಬಂದರೆ ಅವರಿಗೆ ಕಾಣುತ್ತದೆ. ಬರದಿದ್ದರೆ? ಅದು ಮೂಗು ಎತ್ತಿ ಗಾಳಿ ಮೂಸಿತು, ಎತ್ತಿದ ಕಾಲು ನೆಲಕ್ಕೆ ಬಡಿಯಿತು. ಅನುಮಾನ ಬಂದಿದೆ. ಮಾತಾಡುವ ಹಾಗಿಲ್ಲ, ತೋರಿಸುವ ಹಾಗಿಲ್ಲ. ಅಕ್ಕೋರು ಗಕ್ಕನೆ ತಿರುಗಿದರೆ ಓಡಿಹೋಗುತ್ತದೆ, ಆಮೇಲೆ ನಾನು ಸಾಯುವವರೆಗೆ ಕೊರಗಬೇಕು. ನಾನು ಅವರ ಮಣಿಕಟ್ಟನ್ನು ಹೆಬ್ಬೆರಳಿನಿಂದ ಎಡಕ್ಕೆ ಒತ್ತಿದೆ. ಒಂದೇ ಸಲ, ಮೆತ್ತಗೆ.

ಅವರ ನಾಡಿ ನನ್ನ ಬೆರಳಿನ ಕೆಳಗೆ ಕುದುರೆಯ ಹಾಗೆ ಓಡಿತು. ಮುಖ ಮಾತ್ರ ಓಡಲಿಲ್ಲ. ಜೀವಮಾನವಿಡೀ ಗಡಬಡಿಸಿದ ಆ ಹೆಂಗಸು ಬಿಸಿಲಿಗೆ ನೆರಳು ಸರಿಯುವಷ್ಟು ನಿಧಾನವಾಗಿ ಕುತ್ತಿಗೆ ತಿರುಗಿಸಿದರು. ತಿರುಗುತ್ತಿದೆಯೋ ಇಲ್ಲವೋ ನನಗೇ ಗೊತ್ತಾಗುತ್ತಿರಲಿಲ್ಲ. ಅದು ನಿಂತೇ ಇತ್ತು. ಅವರ ಮುಖ ನನಗೆ ಕಾಣದಾಯಿತು, ಬರೀ ತುರುಬು ಕಂಡಿತು. ಆಗ ಗೊತ್ತಾಯಿತು, ಈಗ ಇಬ್ಬರೂ ಎದುರುಬದುರು.

ಹಾಗೆಯೇ ಇದ್ದರು. ಅದೂ ಇತ್ತು. ಆಮೇಲೆ ಅದು ಬಾಲ ಕುಣಿಸಿ, ಎರಡು ಜಿಗಿತಕ್ಕೆ ಬಿದಿರಿನ ಆಚೆ ಹೋಯಿತು.

"ಟೀಚರ್, ಕಂಡತೇನ್ರಿ?" ವಾಚರ್ ಹಿಂದಿನಿಂದ ಬಗ್ಗಿ ಕೇಳಿದ.

ಅಕ್ಕೋರು ಹೌದು ಅಂತ ತಲೆ ಅಲ್ಲಾಡಿಸಿದರು, ಅಷ್ಟೇ. ನನಗೆ ತಡೆಯಲಾಗದ ನಗು ಬಂತು, ಅದರ ಜೊತೆಗೇ ಅಳು. ಭಾಯಿ ಎದ್ದು ಕಣ್ಣು ತಿಕ್ಕುತ್ತ "ಏನಾಯ್ತು, ಯಾರು ಬಂದರು?" ಅಂತ ಕೇಳಿದ್ದಕ್ಕೆ ನಾವು ಮೂವರೂ ಬಿದ್ದು ಬಿದ್ದು ನಕ್ಕೆವು.

ಜೀಪಿನಲ್ಲಿ ಅಕ್ಕೋರ ಬಾಯಿ ತೆರೆಯಿತು. ನಾನು ಕೇಳಿದ್ದೆ, ಅಕ್ಕೋರ, ಕೊಳವಿಯೊಳಗಿಂದ ನೋಡಿದಂಗ ಅಂತ ಡಾಕ್ಟರ್ ಹೇಳಿದ್ದರಲ್ರಿ, ಪೂರಾ ಕಂಡಿತೇನು ಅಂತ.

"ಒಮ್ಮಿಗೇ ಎಲ್ಲಿ ಕಾಣ್ತದ? ಮೊದಲ ಒಂದು ಕಿವಿ ಬಂತು. ಆ ಮ್ಯಾಲ ಕಣ್ಣು. ಹಿಂದಿನ ಕೋಡು ಎರಡು, ಅದರ ಮುಂದ ಬೆರಳುದ್ದನೂ ಅಲ್ಲ, ಹೆಸರುಕಾಳಿನಂಥ ಎರಡು. ಆ ಮ್ಯಾಲ ಕುತ್ತಿಗಿ, ಬೆನ್ನು, ಕಾಲು ಒಂದೊಂದು. ನೀವೆಲ್ಲಾ ಒಂದ ಸಲಕ್ಕ ನೋಡಿದ್ರಿ, ಮುಗೀತು. ನಾ ಕಂತಿನ್ಯಾಗ ನೋಡಿದೆ ನರ್ಸಬಾಯಿ. ನನಗ ಭಾಳ ಹೊತ್ತು ಕಂಡದ."

ಕಣ್ಣಿನ ನಡುವೆ ಉಳಿದಿದ್ದ ದೃಷ್ಟಿಯನ್ನು ಆಪರೇಷನ್ ಉಳಿಸಿತು, ಕೊನೆಯವರೆಗೂ. ಅದೇ ಇಷ್ಟಗಲ ಕಿಂಡಿಯಲ್ಲಿ ಅವರು ಆಮೇಲೂ ಎಷ್ಟೋ ಏಕಾದಶಿ ಆ ಗುಡ್ಡಗಳನ್ನು ನೋಡಿದರು. ಕೊಂಡಕುರಿ ಮತ್ತೆ ಕಾಣಲಿಲ್ಲ. ಅದನ್ನು ಹುಡುಕಲೂ ಇಲ್ಲ ಅವರು. ಪೂರಾ ಕಣ್ಣು ಕಾಣುವ ನನಗೆ ಈಗ ಆ ಪ್ರಾಣಿಯ ಕಾಲು ಯಾವ ಬಣ್ಣ ಅಂದರೆ ನೆನಪಿಲ್ಲ. ಅವರನ್ನು ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲಿ ಕೇಳಿದಾಗಲೂ ಮುಂಗಾಲಿನ ಕಪ್ಪು ಗೆರೆ ಎಲ್ಲಿಂದ ಎಲ್ಲಿಗೆ ಇತ್ತು ಅಂತ ನನ್ನ ಮುಂಗೈ ಮೇಲೆ ಬೆರಳಾಡಿಸಿ ತೋರಿಸಿದರು.

ಸರಿ, ನಂದು ಹೇಳಿದೆ. ಈಗ ನೀವು ಬರೆಯಿರಿ. ನಿಮ್ಮ ಊರಿನ ಬಗಲಲ್ಲೇ ಇರುವ ಕಾಡನ್ನೋ ಗುಡ್ಡವನ್ನೋ ಕೆರೆಯನ್ನೋ ನಿಮಗೆ ಮೊದಲು ತೋರಿಸಿದವರು ಯಾರು? ಎಂಥ ಮನುಷ್ಯರು? ಏನು ಕಂಡಿರಿ? ಫೋಟೊ ಬೇಡ, ಫೋಟೊ ಎಲ್ಲರ ಹತ್ತಿರವೂ ಇರುತ್ತದೆ. ಕಂಡದ್ದನ್ನು ಕಂಡ ಹಾಗೆ, ತುಣುಕು ತುಣುಕಾಗಿಯಾದರೂ ಸರಿ, ಕೆಳಗೆ ಬರೆಯಿರಿ. ನಾನು ಒಂದೊಂದನ್ನೂ ಓದುತ್ತೇನೆ.